ಹೊರಗೆ ಕುಳಿತ ನಾಲ್ಕು ದಿನ

ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಹೆಂಡತಿ ಸುಧಾ ತಲೆಗೆ ನೀರು ಹಾಕಿಕೊಳ್ಳಲು ಏಳಲಿಲ್ಲ.

ಸಾಲೋಟಗಿಯ ನಮ್ಮ ಮನೆಯಲ್ಲಿ ಮುಟ್ಟಾದವರು ಹಿತ್ತಲ ಕೋಣೆಯಲ್ಲಿ ಕೂಡುತ್ತಾರೆ. ಅವರನ್ನು ಯಾರೂ ಮುಟ್ಟುವುದಿಲ್ಲ. ಹೊಸ್ತಿಲ ಬಳಿ ತಟ್ಟೆ ಇಟ್ಟು ಸರಿಯುತ್ತಾರೆ. ನಾಲ್ಕನೆಯ ದಿನ ಸ್ನಾನ ಮಾಡಿ ಒಳಗೆ ಬರುವುದು. ನನ್ನದು ಮಡಿ ಅಡಿಗೆಯ ಕೆಲಸ. ಇಂಡಿ, ಸಿಂದಗಿ ಕಡೆ ಮುಂಜಿವೆ, ಶ್ರಾದ್ಧ ಇದ್ದರೆ ನನ್ನನ್ನೇ ಕರೆಯುತ್ತಾರೆ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಸೌಟು ಹಿಡಿದೇ ಮನೆ ಕಟ್ಟಿದ್ದೇನೆ. ನನ್ನ ಮಡಿಗೆ ಯಾರೂ ಬೆರಳು ತೋರಿಸಬಾರದು. ಹಾಗಾಗಿ ಆ ದಿನಗಳಲ್ಲಿ ಆ ಕೋಣೆಯ ಕಡೆ ಸುಳಿಯುವವನೇ ಅಲ್ಲ.

ಆದರೆ ಈ ಸಲ ಅದು ಮುಟ್ಟಲ್ಲ.

ನನಗೂ ಸುಧಾಗೂ ಮಾತ್ರ ಗೊತ್ತಿತ್ತು. ಎರಡನೆಯ ಮಗಳ ಹೆರಿಗೆಯಲ್ಲಿ ಅವಳಿಗೆ ಬಿಪಿ ಏರಿ ಫಿಟ್ಸ್ ಬಂದಿತ್ತು. ಇನ್ನೊಂದು ಬಸಿರು ಜೀವಕ್ಕೆ ಅಪಾಯ ಎಂದು ಡಾಕ್ಟರು ಆಗಲೇ ಹೇಳಿದ್ದರು. ಈಗ ತಿಂಗಳು ತಪ್ಪಿದಾಗ ಅವಳೇ ಅಂದಳು, "ನನಗ ಇದು ಬ್ಯಾಡ. ಹುಡುಗೀರಿಬ್ಬರಿಗೂ ನಾ ಬೇಕು."

ಇಂಡಿಯ ಸರಕಾರಿ ದವಾಖಾನೆಗೆ ಹೋಗೋಣ ಎಂದೂ ಅಂದಳು. ನಾನು ಬೇಡವೆಂದೆ. ಅಲ್ಲಿನ ಸ್ಕ್ಯಾನಿಂಗ್ ಕೋಣೆಯ ಮುಂದಿನ ಬೋರ್ಡು ಓದಿದ್ದೆ. ಭ್ರೂಣ, ಅಪರಾಧ, ಶಿಕ್ಷೆ ಎಂಬ ಮಾತುಗಳಿದ್ದವು. ಗರ್ಭ ತೆಗೆಸಿದರೆ ಜೈಲು ಎಂದು ತಿಳಿದೆ. ಅದೂ ಅಲ್ಲದೆ ಅಲ್ಲಿನ ಅರ್ಧ ಜನ ನನ್ನ ಕೈಯ ಊಟ ಉಂಡವರು.

ಅಡಿಗೆಗೆಂದು ಸಿಂದಗಿಗೆ ಹೋದಾಗ ಗುರುತಿಲ್ಲದ ಒಂದು ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದೆ. ಅಂಗಡಿಯವನು ಡಾಕ್ಟರ ಚೀಟಿ ಕೇಳಲಿಲ್ಲ. ಎಷ್ಟು ತಿಂಗಳು ಎಂದೂ ಕೇಳಲಿಲ್ಲ. ಮುಟ್ಟಿನ ಹಾಗೆ ಹೋಗುತ್ತದೆ, ಅಂಜಬೇಡಿ ಎಂದ.

ಮುಟ್ಟಿನ ಹಾಗೆಯೇ ಶುರುವಾಯಿತು. ನನ್ನ ತಾಯಿ, ನಮ್ಮ ಆಯಿ, ಅವಳನ್ನು ಹೊರಗೆ ಕೂಡಿಸಿದಳು. ನಾವಿಬ್ಬರೂ ಬಾಯಿ ಬಿಡಲಿಲ್ಲ. ಹೊರಗೆ ಕೂತವರ ಬಟ್ಟೆ ಯಾರೂ ನೋಡುವುದಿಲ್ಲ, ಹಣೆ ಮುಟ್ಟಿ ಜ್ವರ ಇದೆಯೇ ಎನ್ನುವುದಿಲ್ಲ, ತಟ್ಟೆಯಲ್ಲಿ ಅನ್ನ ಉಳಿದರೆ ಹಸಿವಿರಲಿಕ್ಕಿಲ್ಲ ಅಂದುಕೊಳ್ಳುತ್ತಾರೆ. ನಾನು ಅಂಗಳದಿಂದಲೇ ಕೇಳಿದೆ. ಆರಾಮ ಇದ್ದೀನಿ ಅಂದಳು. ನಾನು ಮುಂಜಿವೆಯ ಅಡಿಗೆಗೆ ಹೋದೆ.

ನಾಲ್ಕನೆಯ ದಿನ ಬೆಳಿಗ್ಗೆ ಕೂಗಿದರೆ ಉತ್ತರವಿಲ್ಲ. ಬಾಗಿಲು ತಳ್ಳಿದೆ. ಹಿಂದಿನಿಂದ ಆಯಿ ಅಂದಳು, "ಮುಟ್ಟಬ್ಯಾಡೋ. ಮಡಿಯೊಳಗ ಇದ್ದೀ. ಕೆಲಸಕ್ಕ ಹೋಗೋದದ ಇಲ್ಲೋ?"

ಮುಟ್ಟಿದೆ.

ಹಣೆ ಸುಡುತ್ತಿತ್ತು. ಕೈಕಾಲು ತಣ್ಣಗಿದ್ದವು. ಚಾಪೆ ತೊಯ್ದಿತ್ತು.

ಆಯಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ. "ಮೊದಲ ಎತ್ತು ಅಕಿನ್ನ" ಅಂದಳು, ಅಷ್ಟೇ. ಉಟ್ಟ ಮಡಿಸೀರೆಯಲ್ಲೇ ಪಕ್ಕದ ಮನೆಯವರ ಗಾಡಿ ಹತ್ತಿ, ಸುಧಾಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಇಂಡಿ ಬರುವ ತನಕ ಅವಳ ಅಂಗಾಲು ತಿಕ್ಕು ಎಂದು ನನಗೆ ಹೇಳುತ್ತಲೇ ಇದ್ದಳು. ನಾನು ತಿಕ್ಕಿದೆ.

ಇನ್‌ಕಂಪ್ಲೀಟ್ ಅಬಾರ್ಷನ್ ಎಂದರು ಡಾಕ್ಟರಮ್ಮ. ಒಳಗೆ ಉಳಿದದ್ದರಿಂದ ಇನ್ಫೆಕ್ಷನ್ ಆಗಿದೆ, ಹಿಮೋಗ್ಲೋಬಿನ್ ತೀರ ಇಳಿದಿದೆ, ಗರ್ಭಚೀಲ ಸ್ವಚ್ಛ ಮಾಡಿ ರಕ್ತ ಏರಿಸಬೇಕು ಎಂದರು. ಸಹಿಗೆ ನಾನು ಕೈ ಚಾಚಿದೆ. ಅವರು ನನ್ನನ್ನು ದಾಟಿ ಸುಧಾಳ ಹತ್ತಿರ ಹೋದರು. "ಸಹಿ ಅವರದ ಬೇಕ್ರಿ" ಅಂದರು. ಅರ್ಧ ಕಣ್ಣು ಮುಚ್ಚಿಕೊಂಡೇ ಅವಳು ಹೆಸರು ಬರೆದಳು.

ಕೇಸ್ ಆಗುತ್ತದೇನ್ರಿ ಎಂದು ಕೇಳಿದೆ. ಯಾವ ಕೇಸು ಎಂದರು. ಬೋರ್ಡಿನ ಮಾತು ಹೇಳಿದೆ.

"ಅದು ಗಂಡೋ ಹೆಣ್ಣೋ ಅಂತ ಪತ್ತೆ ಹಚ್ಚೋದರ ವಿರುದ್ಧ ಹಾಕಿದ ಬೋರ್ಡ್ರಿ. ಇದಕ್ಕಲ್ಲ. ಜೀವಕ್ಕ ಅಪಾಯ ಇರೋ ಇವರಂಥವರಿಗೆ ಕಾನೂನಿನಾಗ ಅವಕಾಶ ಐತಿ. ಮೊದಲ ಬಂದಿದ್ರ ಇಲ್ಲೇ ಫುಕಟ ಮಾಡ್ತಿದ್ವಿ. ಸಂಜಿಗೆ ಮನಿಗೆ ಹೋಗ್ತಿದ್ರಿ."

ಸಂಜೆಗೆ ಮನೆಗೆ.

ಹೊರಗಿನ ಬೆಂಚಿನ ಮೇಲೆ ಕೂತೆ. ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಐದುನೂರು ಜನರ ಪಂಕ್ತಿಯಲ್ಲಿ ಯಾವ ಎಲೆಗೆ ಉಪ್ಪು ಬಿದ್ದಿಲ್ಲ ಎಂದು ದೂರದಿಂದ ಕಾಣುವ ಕಣ್ಣು ನನ್ನದು. ಗೋಡೆಯ ಆಚೆ ಹೆಂಡತಿಯ ರಕ್ತ ಹೋಗುತ್ತಿದ್ದುದು ಆ ಕಣ್ಣಿಗೆ ಕಾಣಲಿಲ್ಲ. ಅಷ್ಟು ತಿಳಿಯಿತು. ತಿಳಿದರೂ ಎದೆಯಲ್ಲಿ ಏನೂ ಅಲುಗಲಿಲ್ಲ.

ಬಹಳ ಹೊತ್ತಿನ ಮೇಲೆ ಒಬ್ಬ ನರ್ಸ್ ಬಂದಳು. "ಆಚಾರ್ರ, ನಮ್ಮ ಓಣಿ ಲಗ್ನದಾಗ ನಿಮ್ಮ ಹೋಳಿಗಿ ತಿಂದೀನ್ರಿ. ತುಪ್ಪ ಕಡಿಮಿ ಹಾಕಿದ್ರಿ" ಅಂದಳು. ಇಂಥ ಗುರುತಿಗೇ ಅಂಜಿದ್ದೆ ನಾನು. "ಅಕ್ಕಾರು ಕಣ್ಣು ಬಿಟ್ಟಾರ. ಒಳಗ ಹೋಗ್ರಿ."

ಸುಧಾ ನೀರು ಕೇಳಿದಳು. ಚಮಚದಲ್ಲಿ ಕುಡಿಸಿದೆ.

ಈಗ ಮನೆಯಲ್ಲಿದ್ದಾಳೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಕಬ್ಬಿಣಾಂಶದ ಗುಳಿಗೆ ನಡೆದಿವೆ. ಕಾಪರ್-ಟಿ ಹಾಕಿಸಿಕೊಳ್ಳುವುದನ್ನು ಅವಳೇ ಡಾಕ್ಟರ ಜೊತೆ ಮಾತಾಡಿಕೊಂಡು ಬಂದಿದ್ದಾಳೆ.

ಮೊನ್ನೆ ನಿಜವಾಗಿ ಮುಟ್ಟಾದಳು. ರೂಢಿಯಂತೆ ಚಾಪೆ ಸುತ್ತಿಕೊಂಡು ಹಿತ್ತಲ ಕಡೆ ಹೊರಟಳು. ಆಯಿ ಹೂಬತ್ತಿ ಹೊಸೆಯುತ್ತಿದ್ದಳು.

"ಅಲ್ಲಿ ಬ್ಯಾಡ. ಇಲ್ಲೇ ಪಡಸಾಲಿಯೊಳಗ ಕೂಡು, ನನ್ನ ಕಣ್ಣಿಗೆ ಕಾಣೋಹಂಗ."

ಸುಧಾ ನನ್ನ ಮುಖ ನೋಡಿ, ಚಾಪೆ ಹಾಸಿ ಕೂತಳು. ಆಮೇಲೆ ಆಯಿ, ನಮ್ಮ ಮನೆಯಲ್ಲಿ ಗಂಡಸರ ಎದುರು ಯಾರೂ ಕೇಳದ ಮಾತನ್ನು ಕೇಳಿದಳು. "ಹ್ಯಾಂಗ ಹೋಗಲಿಕತ್ತದ? ಭಾಳ ಅದ ಏನು?"

ಸುಧಾ ಹೇಳತೊಡಗಿದಳು.

ನಾನು ಎದ್ದು ಹೋಗದೆ ಕೇಳಿಸಿಕೊಂಡೆ.