ಸೋತವರಿಗೆ ಮೊದಲ ಪಂಕ್ತಿ

ಚರ್ಮಕ್ಕೆ ಹರಳೆಣ್ಣೆ ತಿಕ್ಕಿದಾಗ ಏಳುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ವೈಟ್‌ಫೀಲ್ಡಿನ ನನ್ನ ಗೋಡೌನಿಗೆ ಕಂಪನಿಗಳು ಖಾಲಿ ಮಾಡಿದ ಕುರ್ಚಿ ಮೇಜುಗಳು ಬರುತ್ತವೆ. ಚರ್ಮದ ಕುರ್ಚಿಗೆ ಎಣ್ಣೆ ಉಜ್ಜಿ ಮಾರುವುದು ನನ್ನ ಕಸುಬು. ಕೊಳ್ಳುವವರಿಗೆ ಹೇಳಿಬಿಡುತ್ತೇನೆ, ಹೊಳಪಿಗೆ ಮರುಳಾಗಬೇಡಿ, ಹೊಲಿಗೆ ಎಳೆದು ನೋಡಿ. ಇಷ್ಟು ಚೌಕಾಸಿಯ ಹೆಂಗಸು ನಾನು, ಆ ವಾಸನೆ ಬಡಿದರೆ ಮಾತ್ರ ಆಡುತ್ತಿದ್ದ ಮಾತು ಮರೆತು ನಿಲ್ಲುತ್ತೇನೆ. ಕಣ್ಣ ಮುಂದೆ, ನಮ್ಮ ಹಳೆಯ ಹೆಂಚಿನ ಮನೆಯ ಜಗಲಿಯಲ್ಲಿ ಕುಳಿತು ನನ್ನಣ್ಣ ನಾಗೇಶ ರಗ್ಬಿ ಚೆಂಡಿಗೆ ಎಣ್ಣೆ ತಿಕ್ಕುತ್ತಿರುತ್ತಾನೆ.

ಮೊಟ್ಟೆಯಂಥ ಚೆಂಡನ್ನು ಎದೆಗವುಚಿ ಓಡುವ ಆ ಆಟವನ್ನು ನಮ್ಮೂರಿಗೆ ಕಲಿಸಿದವರು ಪಕ್ಕದ ಬೀದಿಯ ಆಂಗ್ಲೋ-ಇಂಡಿಯನ್ ಮೇಷ್ಟ್ರು. ರಾಗಿ ಕೊಯ್ದ ನಮ್ಮ ಹೊಲವೇ ಮೈದಾನ, ಅವರ ವರಾಂಡವೇ ಸಂಘದ ಕಚೇರಿ. ಸರ್ಜಾಪುರ, ಮಾದನಾಯಕನಹಳ್ಳಿ, ಪೀಣ್ಯದ ಕಾರ್ಖಾನೆ ಹುಡುಗರು, ನಾವು: ವರ್ಷಕ್ಕೊಂದು ಕಪ್ಪಿಗೆ ಇಷ್ಟೇ ತಂಡ. ಗುದ್ದಾಡಿದವರು ಆಟ ಮುಗಿದ ಮೇಲೆ ಗೆದ್ದ ನಾಯಕನ ಮನೆಯಲ್ಲಿ ಒಟ್ಟಿಗೆ ಉಣ್ಣಬೇಕೆಂಬುದು ಮೇಷ್ಟ್ರ ಕಟ್ಟಳೆ. ಅದಕ್ಕೆ ಅಮ್ಮ ತನ್ನದೊಂದು ಸೇರಿಸಿದಳು. ಸೋತವರಿಗೆ ಮೊದಲ ಪಂಕ್ತಿ, ಬಡಿಸುವವನು ಗೆದ್ದ ನಾಯಕ. ಸೋತ ನಾಯಕ ‘ಹೊಟ್ಟೆ ತುಂಬಿತು’ ಅನ್ನುವವರೆಗೂ ಗೆದ್ದವರು ತುತ್ತು ಎತ್ತುವಂತಿಲ್ಲ. ಒಲೆಯ ಹೊಗೆ, ಅವರೆಕಾಳಿನ ಸಾರು, ಬೆವರು, ಎಣ್ಣೆಯ ಕಂಪು ಎಲ್ಲ ಬೆರೆತು ನಡುಮನೆ ಹಬ್ಬದಂತೆ ಘಮಘಮಿಸುತ್ತಿತ್ತು.

ಒಂದು ವರ್ಷ ಕೊನೆಯ ಆಟ ಪೀಣ್ಯದವರ ಮೇಲೆ. ಅವರ ನಾಯಕ ಬಸವರಾಜ, ಕೆಲಸಕ್ಕೆಂದು ರಾಯಚೂರಿನ ಕಡೆಯಿಂದ ಬಂದು ಬಾಡಿಗೆ ರೂಮಿನಲ್ಲಿದ್ದವನು. ನಮ್ಮ ನಾಯಕ ಅಣ್ಣ. ಅವನು ಚೆಂಡಿನೊಂದಿಗೆ ಗೆರೆ ದಾಟಿ ಬಿದ್ದ, ಬಸವರಾಜ ಅವನ ಮೇಲೆ ಬಿದ್ದ. ಅಣ್ಣನ ತಲೆ ಗಟ್ಟಿನೆಲಕ್ಕೆ ಬಡಿಯಿತು. ಅವನು ಎದ್ದು, ಮಣ್ಣು ಕೊಡವಿ ನಕ್ಕ. ನಾವು ಗೆದ್ದಿದ್ದೆವು.

“ಆಸ್ಪತ್ರೆಗೆ ಓಗಾನ ಬಾರೋ,” ಅಂದರು ಅಪ್ಪ, ಮನೆಗೆ ಬಂದ ಮೇಲೆ.

“ನೆಂಟ್ರು ತಟ್ಟೆ ಮುಂದೆ ಕುಂತವ್ರೆ ಅಪ್ಪಾ. ಬಡಿಸ್ಬುಟ್ಟು ಓಗಾನ.”

ನಿಮ್ಮ ಮನೆಯಲ್ಲೂ ಆಡುವ ಮಕ್ಕಳಿರಬಹುದು. ತಲೆಗೆ ಪೆಟ್ಟು ಬಿದ್ದವನು ಎಷ್ಟೇ ನಗಲಿ, ನಂಬಬೇಡಿ. ಕೈಹಿಡಿದು ಎಳೆದುಕೊಂಡು ಹೋಗಿ.

“ರೊಟ್ಟಿ ತಿನ್ನೋ ಗಂಟ್ಲಲ್ಲಿ ಮುದ್ದೆ ಇಳೀತದಾ ಗುರು? ಅಗೀಬ್ಯಾಡ, ನುಂಗು!” ನಮ್ಮ ಹುಡುಗರು ಬಸವರಾಜನನ್ನು ಛೇಡಿಸಿದರು.

“ಇನ್ನೊಂದು ಹಾಕ್ರಿ ಕ್ಯಾಪ್ಟನ್!” ಅವನೂ ಬಿಡಲಿಲ್ಲ. “ಆಟದಾಗ ನೀವು ಗೆದ್ರಿ. ಊಟದಾಗ ನಾ ಸೋಲಂಗಿಲ್ಲ.”

ಅಣ್ಣ ಹಾಕಿದ. ಬಸವರಾಜ ಮತ್ತೊಂದು ಕೇಳಿದ, ಅಣ್ಣ ಮತ್ತೂ ಹಾಕಿದ. ಮನೆಯೆಲ್ಲ ನಗು. ಸಾರಿನ ಸೌಟು ಹಿಡಿದ ಅಣ್ಣ ಕಂಬಕ್ಕೆ ಆತು ನಿಂತ. “ಅಮ್ಮಾ, ಒಸಿ ಒರಗ್ತೀನಿ,” ಎಂದು ಸೌಟನ್ನು ಅವಳ ಕೈಗಿತ್ತು, ಜಗಲಿಗೆ ಹೋಗಿ ಚೆಂಡನ್ನೇ ತಲೆದಿಂಬು ಮಾಡಿ ಮಲಗಿದ. ಒಳಗೆ ಬಸವರಾಜ ಕೊನೆಗೂ ಕೈ ಮುಗಿದು “ಹೊಟ್ಟಿ ತುಂಬೇತ್ರೀ ಅವ್ವಾ” ಅಂದಾಗ, ಅಮ್ಮ ಅಣ್ಣನಿಗೆ ತಟ್ಟೆ ಇಟ್ಟು ಅವನನ್ನು ಕರೆಯಲು ಹೋದಳು.

“ಏಳು ಮಗಾ, ಅವರದಾಯ್ತು. ಇನ್ನ ನೀನುಣ್ಣು.”

ಅಣ್ಣ ಏಳಲಿಲ್ಲ.

ಆಮೇಲೆ ಯಾರೂ ಕಪ್ಪಿಗಾಗಿ ಆಡಲಿಲ್ಲ. ಮೇಷ್ಟ್ರು ಹೋದರು, ಅಪ್ಪ ಹೋದರು, ಹೊಲದ ಮೇಲೆ ಗಾಜಿನ ಕಟ್ಟಡ ಎದ್ದಿತು, ಮನೆಯಿದ್ದ ಜಾಗದಲ್ಲಿ ಕಂಪನಿಯ ಕ್ಯಾಬುಗಳು ತಿರುಗುತ್ತವೆ. ಬಸವರಾಜಣ್ಣ ಮಾತ್ರ ಪ್ರತಿವರ್ಷ ಆ ದಿನ ಪೀಣ್ಯದಿಂದ ಬಸ್ಸು ಹಿಡಿದು ಬರುತ್ತಿದ್ದರು. ಅಮ್ಮ ಅವರಿಗೆ ಬಡಿಸುತ್ತಿದ್ದಳು. ಮುದ್ದೆ ತಟ್ಟೆಗೆ ಬೀಳುವ ಮೊದಲೇ ಅವರು “ತುಂಬೇತ್ರೀ ಅವ್ವಾ” ಅನ್ನುತ್ತಿದ್ದರು.

“ತಿನ್ನಪ್ಪಾ. ನೀನೇನು ಮಾಡ್ದೆ? ಆ ಪದ್ಧತಿ ಇಟ್ಟೋಳು ನಾನು,” ಅನ್ನುತ್ತಿದ್ದಳು ಅಮ್ಮ. ಮಗ ಸತ್ತದ್ದಕ್ಕಿಂತ, ಗೆದ್ದ ಮಗ ಹಸಿದುಕೊಂಡು ಹೋದದ್ದು ಅವಳನ್ನು ಕೊನೆಯವರೆಗೂ ಹೆಚ್ಚು ತಿಂದಿತು.

ಅಮ್ಮನಿಲ್ಲದ ಮೊದಲ ವರ್ಷ ಇದು. ಬಸವರಾಜಣ್ಣ ನನ್ನ ಫ್ಲ್ಯಾಟಿಗೆ ಬಂದರು, ಮೀಸೆಯೆಲ್ಲ ಬೆಳ್ಳಗಾಗಿತ್ತು. ಮುದ್ದೆ ಇಟ್ಟೆ.

“ತುಂಬೇತವ್ವಾ ತಂಗಿ,” ಅಂದರು.

ನಾನು ಅವರ ಎದುರಿಗೆ ಅಣ್ಣನಿಗೆಂದು ಇನ್ನೊಂದು ತಟ್ಟೆ ಹಾಕಿ ಬಡಿಸಿದೆ. ಮುದ್ದೆಯ ಹಬೆ ಆರುವವರೆಗೂ ಇಬ್ಬರೂ ಆ ತಟ್ಟೆಯನ್ನೇ ನೋಡುತ್ತ ಕುಳಿತೆವು.