ಹಿಡಿ ಎತ್ತುತ್ತಿದ್ದ ಬೋರಣ್ಣನ ಕೈ

ಬೋರಣ್ಣ ಇಲ್ಲವಂತೆ…
ನಂಬಿಕೆ ಬರುತ್ತಿಲ್ಲ.
ಹೋದ ಶನಿವಾರ ನಮ್ಮ ಮೆಣಸಿನಕಾಯಿ ಬುಟ್ಟಿಗೆ ಕೈ ಹಾಕಿದವನು…
ಈ ಶನಿವಾರಕ್ಕೆ ಇಲ್ಲ ಅಂದರೆ ಹೇಗೆ?

ಬೆಳಗ್ಗೆ ಇದ್ದಿಲು ಸುಟ್ಟು ಓಡುವ ಬಸ್ಸಿನ ಕಂಡಕ್ಟರ್ ಟಾಪಿನ ಮೇಲೆ ಮೂಟೆ ಕಟ್ಟುತ್ತಾ ಕೂಗಿ ಹೇಳಿದ.
"ನಿಮ್ ಸಂತೆ ಬೋರ ಓಗ್ಬುಟ್ಟ ಕಣ್ರಪ್ಪೋ! ಚಳಿಜ್ವರವಂತೆ!"
ಬಸ್ಸು ಹಿರೀಸಾವೆ ಕಡೆ ಹೊರಟುಹೋಯಿತು.
ನಾನು ಅಲ್ಲೇ ನಿಂತಿದ್ದೆ…

ಸಂತೆಯ ಅಣ್ಣಂದಿರೇ, ಅಕ್ಕಂದಿರೇ,
ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ. ನಿಮಗೆ ಗೊತ್ತು.
ಅದಕ್ಕೇ ಬರೆದು ಹುಣಸೆ ಮರಕ್ಕೆ ಅಂಟಿಸಿದ್ದೇನೆ.
ಊರ ಸ್ಕೂಲಿನಲ್ಲಿ ಕಲಿತಷ್ಟೇ ಅಕ್ಷರ…
ಓದು ಬಂದವರು ಬಾರದವರಿಗೆ ಜೋರಾಗಿ ಓದಿ ಹೇಳಿ.

"ಪಾಪ, ಒಳ್ಳೆಯವನಿದ್ದ" ಎಂದು ಬೆಳಗ್ಗೆಯಿಂದ ಕೇಳುತ್ತಿದ್ದೇನೆ.
ಯಾರು ಹೇಳುತ್ತಿರುವುದು?
ಹೋದ ವಾರ "ಅವನ ಕೈ ಸೇದೋಗ" ಎಂದು ಮಣ್ಣು ತೂರಿದವರೇ ಅಲ್ಲವೇ?
ಸಾಕು ಮಾಡಿ…

ನಮ್ಮ ಸಂತೆಯಲ್ಲಿ ಸುಂಕ ಕಾಸಿನಲ್ಲಿಲ್ಲ. ಬುಟ್ಟಿಗೆ ಒಂದು ಹಿಡಿ.
ಯಾರ ಹಿಡಿ ಎಂದು ಯಾರೂ ಬರೆದಿಟ್ಟಿಲ್ಲ.
ಈಗಿನ ಕಂಟ್ರಾಕ್ಟರ್ ಯಜಮಾನರು ಸಂತೆ ಸುಂಕದ ಗುತ್ತಿಗೆ ಹಿಡಿದ ಹೊಸತರಲ್ಲಿ ಇದೇ ಮರದ ಕೆಳಗೆ ಅವರೆಕಾಯಿ ರಾಶಿ ಹಾಕಿಸಿದರು.
"ಹುಡುಗರೆಲ್ಲ ಒಂದೊಂದು ಹಿಡಿ ಎತ್ತಿ, ನೋಡೋಣ" ಅಂದರು.
ಪಂದ್ಯ ಎಂದುಕೊಂಡೆವು… ಕೇಕೆ ಹಾಕಿದೆವು…
ನಮ್ಮ ಪಕ್ಕದಲ್ಲಿ ಬದನೆಕಾಯಿ ಮಾರುತ್ತಿದ್ದ ಬೋರಣ್ಣನ ಹಿಡಿಯೇ ದೊಡ್ಡದಾಯಿತು. ನಾವೇ ಅವನನ್ನು ಎತ್ತಿ ಕುಣಿಸಿದೆವು.

ಮುಂದಿನ ಶನಿವಾರ ಯಜಮಾನರ ಸುಂಕ ಎತ್ತಲು ಅದೇ ಕೈ ನಮ್ಮವ್ವನ ಬುಟ್ಟಿಯ ಮೇಲೆ ಇಳಿಯಿತು.
"ಯಾವನ್ಲಾ ಅದು, ಬೋರನಾ? ಕೈಯೋ ಮೊರವೋ?"
"ಏನ್ ಮಾಡ್ಲಕ್ಕ… ದ್ಯಾವ್ರು ಕೊಟ್ಟ ಕೈ."
"ದ್ಯಾವ್ರು ಕೊಟ್ಟಿದ್ದು ಕಾಣ್ತದೆ ಕಣಪ್ಪ. ನೀನ್ಯಾರ್ಗ್ ಕೊಟ್ಟೆ ಅದ್ನ ಏಳು!"
ಸಾಲಿನವರೆಲ್ಲ ನಕ್ಕರು.
ಅವನು ನಗಲಿಲ್ಲ. ಹಿಡಿಯನ್ನೂ ಬಿಡಲಿಲ್ಲ.

ಬೋರಣ್ಣ…
ನೀನು ಹೋದೆ ಎಂದು ಇವತ್ತು ನಿನ್ನನ್ನು ಹೊಗಳಲಾರೆ.
ಯಜಮಾನರು ಮರದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು, ನಿಜ. ಆದರೆ ಬುಟ್ಟಿಯೊಳಗೆ ನಿನ್ನ ಬೆರಳು ಅವರಿಗೆ ಕಾಣುತ್ತಿತ್ತೇ?
ಬೆರಳು ಒಂದಿಷ್ಟು ಸಡಿಲ ಬಿಟ್ಟಿದ್ದರೆ ಅರ್ಧ ವಾಪಸು ಬೀಳುತ್ತಿತ್ತು…
ನೀನು ಬಿಡಲಿಲ್ಲ.
ನಿನ್ನ ಹೆಂಡತಿ ನಿಂಗಕ್ಕ ನಿನ್ನ ಜಾಗದಲ್ಲಿ ಬದನೆಕಾಯಿ ಹಾಕಿಕೊಂಡು ಕೂತಳಲ್ಲ… ಅವಳ ಬುಟ್ಟಿಗೂ ಅದೇ ಕೈ.
ಅವಳು ಆಚೆ ಮುಖ ತಿರುಗಿಸಿಕೊಂಡಳು. ನೀನು ಎಣಿಸುವವನ ಹಾಗೆ ಒಂದೊಂದೇ ಬೆರಳು ಮಡಿಸಿದೆ.
ಅವತ್ತೇ ನಿನ್ನ ಜೊತೆ ಮಾತು ಬಿಟ್ಟೆ.
ನೀನು ಎಲೆ ಅಡಿಕೆ ಕೊಡಲು ಬಂದೆ… ನಾನು ತಗೊಳ್ಳಲಿಲ್ಲ.
ಇವತ್ತಿಗೂ ಸಿಟ್ಟು ಇಳಿದಿಲ್ಲ. ಸತ್ತವನ ಮೇಲೆ ಸಿಟ್ಟು ಇಟ್ಟುಕೊಂಡು ಏನು ಮಾಡಲಿ, ನೀನೇ ಹೇಳು…

ಇನ್ನು ಮಧ್ಯಾಹ್ನದ ಮಾತು.
ಬೋರಣ್ಣನಿಗೆ ಇನ್ನೂ ಮಣ್ಣು ಬಿದ್ದಿರಲಿಲ್ಲ. ಯಜಮಾನರು ನಮ್ಮ ಬಾಗಿಲಿಗೆ ಬಂದರು.
ಅವನನ್ನು ನೋಡಲು ಹೊರಟಿದ್ದಾರೆ ಎಂದುಕೊಂಡೆ.
"ಲೋ ಪುಟ್ಟಸ್ವಾಮಿ, ಕೈ ತೋರ್ಸ್ಲಾ."

ನನ್ನ ಕೈ ನಿಮಗೆ ಗೊತ್ತು. ಸ್ಕೂಲಿನಲ್ಲಿ ಮೇಷ್ಟ್ರು, "ನೀ ಕೈ ಇಟ್ರೆ ಸ್ಲೇಟೇ ಕಾಣಕ್ಕಿಲ್ವಲ್ಲೋ" ಎಂದು ನಗುತ್ತಿದ್ದರು. ಅಂದಿನಿಂದ ನಾಲ್ಕು ಜನ ಸೇರಿದ ಕಡೆ ಕೈಯನ್ನು ಪಂಚೆಯೊಳಗೆ ಮುಚ್ಚಿಕೊಳ್ಳುವವನು ನಾನು.
ಯಜಮಾನರು ತಾವೇ ಹಿಡಿದೆಳೆದು, ಮಗುಚಿ ನೋಡಿದರು. ಎತ್ತಿನ ಹಲ್ಲು ನೋಡುವ ಹಾಗೆ.
"ಬೋರನ್ಗಿಂತ ಒಂದ್ ಬೆರಳು ಜಾಸ್ತಿನೇ ಅಗಲ ಅದೆ. ಶನಿವಾರದಿಂದ ಬಂದ್ಬುಡು."
"ಅವ್ನಿನ್ನೂ ಮನೇಲೇ ಮಲ್ಗವ್ನೆ, ಸಾ…"
"ಅವ್ನು ಮಲ್ಗಿದ್ರೆ ಸಂತೆ ಮಲ್ಕತದೇನ್ಲಾ? ಬರಾಕಿಲ್ಲ ಅಂದ್ರೆ ಏಳ್ಬುಡು. ನಿಮ್ಮವ್ವ ಬುಟ್ಟಿ ಎಲ್ಲಿ ಇಳಿಸ್ತಾಳೆ ನಾನೂ ನೋಡ್ತೀನಿ."
ಅವ್ವ ಒಳಗಿನಿಂದ ಕೇಳಿಸಿಕೊಂಡಳು.
ನನಗೆ ನಾಲಿಗೆ ಏಳಲಿಲ್ಲ. ಅವರು ಅದನ್ನು ಒಪ್ಪಿಗೆ ಎಂದುಕೊಂಡು ಹೋದರು.

ಅವ್ವ ಬಂದು ಇಷ್ಟೇ ಕೇಳಿದಳು.
"ನನ್ ಬುಟ್ಟಿಗೂ ಆಕ್ತೀಯೇನ್ಲಾ ಕೈಯ?"

ಆಗ ನುಂಗಿದ ಮಾತನ್ನು ಈಗ ಬರೆಯುತ್ತಿದ್ದೇನೆ. ಯಜಮಾನರಿಗೂ ಓದಿ ಹೇಳಿ.
ನಾನು ಬರುವುದಿಲ್ಲ.
ನನ್ನ ಕೈ ನಿಮ್ಮದಲ್ಲ. ಹಿಡಿ ಬೇಕಾದರೆ ಕುರ್ಚಿಯಿಂದ ಎದ್ದು ಬಂದು ನಿಮ್ಮ ಕೈಯಲ್ಲೇ ಎತ್ತಿ. ಅದೆಷ್ಟು ಹಿಡಿಯುತ್ತದೋ ಸಂತೆಯೇ ನೋಡಲಿ.

ನಿಮಗೂ ಒಂದು ಮಾತು, ಸಂತೆಯವರೇ.
ಮತ್ತೆ ಅವರೆಕಾಯಿ ರಾಶಿ ಹಾಕಿಸುತ್ತಾರೆ. ಮತ್ತೆ ಕೇಕೆ ಹಾಕುತ್ತೀರಾ?
ನಿಮ್ಮ ಮನೆಯ ಹುಡುಗರ ಕೈಯನ್ನು ಒಂದು ಸಲ ನೋಡಿಕೊಳ್ಳಿ…

ಶನಿವಾರ ನಾನು ಸಂತೆಗೆ ಬರುತ್ತೇನೆ.
ತಲೆಯ ಮೇಲೆ ಅವ್ವನ ಬುಟ್ಟಿ ಇರುತ್ತದೆ. ಎರಡೂ ಕೈ ಅದರ ಮೇಲೆ ಇರುತ್ತವೆ, ಎಲ್ಲರಿಗೂ ಕಾಣುವ ಹಾಗೆ.
ಬುಟ್ಟಿಯನ್ನು ನಿಂಗಕ್ಕನ ಪಕ್ಕದಲ್ಲೇ ಇಳಿಸುತ್ತೇನೆ. ಅಲ್ಲಿಂದ ತೆಗೆಸುವವರು ಬಂದು ತೆಗೆಸಲಿ.

ಬೋರಣ್ಣ…
ಸಂಜೆ ನಿನ್ನನ್ನು ನೋಡಲು ಬಂದಿದ್ದೆ. ಬಲಗೈ ಹಾಗೇ ಮಡಚಿಕೊಂಡಿತ್ತು.
ನಿಂಗಕ್ಕ ಒಂದೊಂದೇ ಬೆರಳು ಬಿಡಿಸುತ್ತಾ ಕೂತಿದ್ದಳು. ಒಳಗೆ ಏನೂ ಇರಲಿಲ್ಲ…

ಇನ್ನು ಯಾರ ಬುಟ್ಟಿಗೂ ಇಳಿಯುವುದು ಬೇಡ.
ಕೈ ಬಿಚ್ಚಿ ಮಲಗಿಕೋ ಅಣ್ಣ… ನಿನ್ನ ಜೀವ ತಣ್ಣಗಿರಲಿ.

ಮೆಣಸಿನಕಾಯಿ ಸಾಲಿನ ಪುಟ್ಟಸ್ವಾಮಿ