ಶ್ರುತಿ ಇಳಿಸಿದ ಗಿಟಾರ್

ಶೋಳಿಂಗನಲ್ಲೂರಿನ ಒಂದು ಫ್ಲ್ಯಾಟಿಗೆ ಹಳೆಯ ಎಲೆಕ್ಟ್ರಿಕ್ ಗಿಟಾರ್ ನೋಡಲು ಮಗಳೊಡನೆ ಹೋಗಿದ್ದೆ. ನನ್ನಲ್ಲಿದ್ದ ಹಣ ಒಂದೇ ಗಿಟಾರಿಗೆ ಸಾಲುತ್ತಿತ್ತು. ಕೆಟ್ಟದ್ದನ್ನು ಕೊಂಡರೆ ಅವಳಿಗೆ ಈ ವರ್ಷ ಇನ್ನೊಂದಿಲ್ಲ. ಮಾರುವವರು ಉಡುಪಿ ಕಡೆಯ ಹೋಟೆಲ್ ಕುಟುಂಬದವರು. "ಬೇಗ ಹೇಳಿ ಮಾರಾಯ್ರೆ, ಇನ್ನೊಬ್ರು ದಾರಿಯಲ್ಲಿದ್ದಾರೆ," ಎಂದು ಎರಡು ಸಲ ಅವಸರಪಡಿಸಿದರು.

ತಂತಿಗಳನ್ನು ಮೀಟಿ ನೋಡಿದೆ. ಒಂದಕ್ಕೊಂದು ಚೆನ್ನಾಗಿ ಸೇರಿದ್ದವು, ಗಿಟಾರಿನ ಕುತ್ತಿಗೆಯೂ ನೇರವಾಗಿ ಕಂಡಿತು. ಹತ್ತು ವರ್ಷ ವೀಣೆ ಕಲಿತ ನನ್ನ ಕಿವಿಗೆ ಷಡ್ಜ ಎಲ್ಲಿಟ್ಟರೆ ಅಲ್ಲೇ ಶ್ರುತಿ. ನಾನು ಹಣ ತೆಗೆದೆ.

"ಇರು ಅಪ್ಪಾ," ಎಂದಳು ಮಗಳು, ಶ್ರುತಿ ಅಳೆಯುವ ಆ್ಯಪ್ ತೆರೆದ ಫೋನನ್ನು ತಂತಿಗಳ ಹತ್ತಿರ ಹಿಡಿದು. "ಎಲ್ಲಾ ಸ್ಟ್ರಿಂಗೂ ಒಂದು ಸ್ವರ ಕಮ್ಮಿ ಇದೆ. ಗಿಟಾರಿಗೆ ಪಿಚ್ ಫಿಕ್ಸು, ನಿನ್ನ ವೀಣೆ ಥರ ಅಲ್ಲ."

"ಏರಿಸಿದ್ರೆ ತಂತಿ ಕಡೀತದೆ ಮಗಾ," ಎಂದರು ಮಾರುವವರು.

"ಕಡಿದ್ರೆ ಹೊಸ ಸೆಟ್ ನಾನೇ ತಂದ್ಕೊಡ್ತೀನಿ ಅಂಕಲ್."

ಅವಳು ಒಂದೊಂದೇ ಬಿರಡೆ ತಿರುಗಿಸಿದಳು. ತಂತಿ ಕಡಿಯಲಿಲ್ಲ. ಬಿಗಿ ಏರಿದಂತೆ ಕುತ್ತಿಗೆಯೇ ಬಾಗಿ, ತಂತಿಗಳು ಬೆರಳಿನಿಂದ ಒತ್ತಲಾಗದಷ್ಟು ಮೇಲೆದ್ದು ನಿಂತವು. ಸಡಿಲ ಶ್ರುತಿ ಇದನ್ನೇ ಮುಚ್ಚಿಟ್ಟಿತ್ತು. ಅವರು ಕಿಟಕಿಯ ಕಡೆ ನೋಡಿದರು. ನಾವು ಬರಿಗೈಯಲ್ಲಿ ಮೆಟ್ಟಿಲಿಳಿದೆವು.

ನನಗೂ ಮೊದಲೇ ಅನುಮಾನ ಬಂದಿತ್ತೆಂದು ಮನೆಯಲ್ಲಿ ಹೇಳಿದೆ. ಮೂರ್ನಾಲ್ಕು ಸಲ ಹೇಳಿದ ಮೇಲೆ ಅದು ನನಗೇ ನಿಜವೆನಿಸತೊಡಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ: ಅನುಮಾನ ಬಂದಿರಲಿಲ್ಲ. ಹಣ ಹಿಡಿದ ಕೈಯನ್ನು ಆಗಲೇ ಅವರತ್ತ ಚಾಚಿದ್ದೆ.